ಬಾಯಿ ಬಾರದ ಚಾಕು

“ಬುದ್ಧಿ, ನಾನು ಇಂದಿನಿಂದಲೇ ಮೌನ ಹಿಡಿಯಲೇ?” ಎಂದು ಮರಿದೇವ ಕೇಳಿದ.

ಮಠದ ಗುರುಗಳು ಅವನನ್ನು ನೋಡಿದರು. ಶಿಷ್ಯನ ಕಣ್ಣುಗಳು ಕೆಂಪಾಗಿದ್ದವು. ಕಾರಣವನ್ನು ಅವನೇ ಹೇಳಿಕೊಂಡ. ಬೆಳಗಿನ ಪ್ರಾರ್ಥನೆಯಲ್ಲಿ ಅವನ ಜೊತೆಗಾರ ಗುರುಪಾದ ಒಂದು ಸಾಲಿನಲ್ಲಿ ತೊದಲಿದ್ದ. ಗುರುಪಾದ ಯಾವಾಗಲೂ ತೊದಲುವವನೇ. ಮರಿದೇವ ಎಲ್ಲರೆದುರು, ದನ ಕಾಯುವುದಕ್ಕೆ ಶ್ಲೋಕ ಬೇಕಿಲ್ಲ, ಊರಿಗೆ ಹೋಗು ಎಂದುಬಿಟ್ಟ. ಎಲ್ಲರೂ ನಕ್ಕರು. ಗುರುಪಾದನೂ ನಗಲು ನೋಡಿದ, ಆಗಲಿಲ್ಲ. ಈಗ ಅವನು ಕೋಣೆಯಲ್ಲಿ ಬಟ್ಟೆ ಗಂಟು ಕಟ್ಟುತ್ತಿದ್ದಾನೆ, ಸಂಜೆಯ ಬಸ್ಸಿಗೆ ಊರಿಗೆ ಹೊರಟಿದ್ದಾನೆ. ಮಠಕ್ಕೆ ಬಂದ ಹೊಸದರಲ್ಲಿ ಮರಿದೇವನಿಗೆ ಜ್ವರ ಬಂದಾಗ ಗಂಜಿ ಕುಡಿಸಿದವನು ಅವನೇ. ಅದು ನೆನಪಾದಷ್ಟೂ ಮರಿದೇವನಿಗೆ ತನ್ನ ಬಾಯಿಯ ಮೇಲೆ ಹೇಸಿಗೆಯಾಗುತ್ತಿತ್ತು. ಇಂಥ ಬಾಯಿ ಇನ್ನು ತೆರೆಯಲೇಬಾರದು ಎಂದು ಅವನು ತೀರ್ಮಾನಿಸಿದ್ದ.

ಗುರುಗಳು ಪಕ್ಕಕ್ಕೆ ಕೈ ತೋರಿಸಿ ಕೂರಲು ಹೇಳಿದರು. ವ್ರತ ಹಿಡಿಯುವುದಕ್ಕೆ ಮೊದಲು ಒಂದು ಕತೆ ಕೇಳಬಹುದಲ್ಲ, ಕೇಳುವುದಕ್ಕೆ ಬಾಯಿ ಬೇಕಿಲ್ಲ ಎಂದು ನಕ್ಕರು. ಆಮೇಲೆ ಹೇಳಿದರು:

ಒಬ್ಬ ತೋಟಗಾರನಿದ್ದ. ಗಿಡಗಳಿಗೆ ಕಸಿ ಕಟ್ಟುವುದು ಅವನ ಕೆಲಸ. ಅವನ ಬಳಿ ಒಂದು ಮಡಚುವ ಚಾಕು ಇತ್ತು. ಜಪಾನಿಗೆ ಹೋಗಿಬಂದ ಹಡಗಿನವನೊಬ್ಬ ಅವನ ತಂದೆಗೆ ಕೊಟ್ಟದ್ದು. ಮಡಚಿದ ಒಂದೇ ಹಿತ್ತಾಳೆ ತಗಡೇ ಅದರ ಹಿಡಿ. ಎಷ್ಟು ತೆಳುವೆಂದರೆ ಜೇಬಿನಲ್ಲಿ ಇದೆಯೋ ಇಲ್ಲವೋ ತಿಳಿಯದು. ಅದಕ್ಕೆ ಬೀಗವಿಲ್ಲ, ಸ್ಪ್ರಿಂಗಿಲ್ಲ, ಅಲಂಕಾರವೂ ಇಲ್ಲ. ಅಲಗಿನ ಹಿಂದೆ ಒಂದು ಪುಟ್ಟ ಬಾಲ. ಹೆಬ್ಬೆರಳಿನಿಂದ ಬಾಲ ಒತ್ತಿದರೆ ಅಲಗು ಹೊರಬರುತ್ತಿತ್ತು. ಕೆಲಸ ಮುಗಿಯುವ ತನಕ ಹೆಬ್ಬೆರಳು ಅಲ್ಲೇ ಕೂತಿರಬೇಕು. ಮಡಚಿದರೆ ಅಲಗಿನ ಬಾಯಿ ಹಿಡಿಯೊಳಗೆ ಹೋಗಿ ಮಲಗುತ್ತಿತ್ತು. ಕಮ್ಮಾರರು ಹರಿತವಾದ ಅಂಚಿಗೆ ಬಾಯಿ ಎನ್ನುತ್ತಾರೆ, ನಿನಗೆ ಗೊತ್ತಲ್ಲ.

ವರ್ಷಗಳು ಕಳೆದು ಅದರ ಕೀಲು ಸಡಿಲವಾಯಿತು. ತೋಟಗಾರ ಇವತ್ತು ನಾಳೆ ಎಂದು ಸುಮ್ಮನಿದ್ದ. ಒಂದು ದಿನ ಅವನ ಪುಟ್ಟ ಮಗಳು ಸೀಬೆಹಣ್ಣಿಗಾಗಿ ಅಪ್ಪನ ಜೇಬಿಗೆ ಕೈ ಹಾಕಿದಳು. ಚಾಕು ಒಳಗೇ ಬಾಯಿ ತೆರೆದುಕೊಂಡಿತ್ತು. ಬೆರಳು ಕುಯ್ದಿತು. ಗಾಯವೇನೋ ಮಾಯಿತು, ಆದರೆ ಮಗಳು ಅಪ್ಪನ ಹತ್ತಿರ ಸುಳಿಯುವುದನ್ನೇ ಬಿಟ್ಟಳು.

ತೋಟಗಾರ ಕಮ್ಮಾರನ ಬಳಿಗೆ ಹೋಗಿ, ಈ ಬಾಯಿ ಇನ್ನು ತಾನಾಗಿ ತೆರೆಯಬಾರದು, ಕೀಲನ್ನು ಎಷ್ಟು ಸಾಧ್ಯವೋ ಅಷ್ಟು ಬಿಗಿ ಎಂದ. ಅಷ್ಟು ಬಿಗಿದರೆ ಏನಾಗುತ್ತದೆ ಎಂದು ಕಮ್ಮಾರನಿಗೆ ಗೊತ್ತಿತ್ತು. ಆದರೆ ನೊಂದು ಬಂದವನ ಎದುರು ವಾದ ಮಾಡಲು ಮನಸ್ಸು ಬರಲಿಲ್ಲ. ಅವನೂ ತನ್ನ ಬಾಯಿ ಮಡಚಿಕೊಂಡು ಕೀಲು ಬಿಗಿದ.

ಕೆಲವು ದಿನಗಳ ಮೇಲೆ ಜೋರು ಗಾಳಿ ಬೀಸಿ ತೋಟದ ಮಾವಿನ ಮರ ಬುಡಮೇಲಾಯಿತು. ತೋಟಗಾರನ ತಾಯಿ ನೆಟ್ಟ ಮರ ಅದು. ಅಂಥ ಹಣ್ಣು ಸುತ್ತ ಎಲ್ಲೂ ಇರಲಿಲ್ಲ. ಹಸಿ ಆರುವ ಮುನ್ನ ಅದರ ಎಳೆಯ ಕಡ್ಡಿಗಳನ್ನು ಬೇರೆ ಗಿಡಗಳಿಗೆ ಕಸಿ ಕಟ್ಟಿದರೆ ಮಾತ್ರ ಆ ತಳಿ ಉಳಿಯುತ್ತಿತ್ತು. ಅವನು ಕಡ್ಡಿಗಳನ್ನು ಮುರಿದುಕೊಂಡು ಒದ್ದೆ ಬಟ್ಟೆಯಲ್ಲಿ ಸುತ್ತಿದ. ಜೇಬಿನಿಂದ ಚಾಕು ತೆಗೆದು ಬಾಲ ಒತ್ತಿದ. ಅಲಗು ಅಲುಗಲಿಲ್ಲ. ಉಗುರು ಮುರಿಯಿತು, ಹಲ್ಲಿನಿಂದ ಕಚ್ಚಿ ಎಳೆದ, ಕಲ್ಲಿನಿಂದ ಕುಟ್ಟಿದ. ಕುಡುಗೋಲಿನಿಂದ ಕುಯ್ದು ನೋಡಿದ, ಕಡ್ಡಿಯ ಸಿಪ್ಪೆ ಜಜ್ಜಿಹೋಯಿತು. ಬಿಸಿಲು ಏರುತ್ತಿತ್ತು. ತಾಯಿಯ ಮರ ಕಣ್ಣೆದುರಿಗೇ ಒಣಗುವುದನ್ನು ನೋಡಿ ಅವನಿಗೆ ಅಳು ಬಂತು.

ದೂರದಲ್ಲಿ ನಿಂತು ನೋಡುತ್ತಿದ್ದ ಮಗಳು ಕೇಳಿದಳು: “ಅಪ್ಪಾ, ಪಾಪ, ಆ ಚಾಕುಗೆ ಬಾಯಿ ಬರಲ್ವಾ?”

ತೋಟಗಾರ ಅವಳನ್ನೂ ಕಡ್ಡಿಗಳನ್ನೂ ಎತ್ತಿಕೊಂಡು ಕುಲುಮೆಗೆ ಓಡಿದ. ಕಮ್ಮಾರ ತಡಮಾಡದೆ ಚಾಕುವನ್ನು ಅಡಿಗಲ್ಲಿನ ಮೇಲಿಟ್ಟು ಕೀಲನ್ನು ಸ್ವಲ್ಪ ಸ್ವಲ್ಪವೇ ಸಡಿಲಿಸಿದ. ತಟ್ಟುತ್ತಿದ್ದ, ಬಾಲ ಒತ್ತಿ ನೋಡುತ್ತಿದ್ದ, ಮತ್ತೆ ತಟ್ಟುತ್ತಿದ್ದ. ಅವತ್ತೇ ಹೇಳಬೇಕಿತ್ತು, ಹೇಳದೆ ತಪ್ಪು ಮಾಡಿದೆ ಎಂದು ಗೊಣಗಿದ. ಕೊನೆಗೆ ಚಾಕುವನ್ನು ತೋಟಗಾರನ ಕೈಗಿಟ್ಟು ಹೇಳಿದ: “ಜೇಬು ಅಲುಗಿದರೆ ತೆರೆಯಲ್ಲ, ಬೆರಳು ಕೇಳಿದರೆ ತೆರೆಯುತ್ತೆ. ಕೀಲಿನಲ್ಲಿ ನಾನು ಮಾಡಬಹುದಾದದ್ದು ಅಷ್ಟೇ ಕಣಪ್ಪ. ಮಿಕ್ಕಿದ್ದನ್ನು ನಿನ್ನ ಹೆಬ್ಬೆರಳೇ ನೋಡಿಕೊಳ್ಳಬೇಕು.”

ತೋಟಕ್ಕೆ ಮರಳಿದಾಗ ಹೆಚ್ಚಿನ ಕಡ್ಡಿಗಳು ಬಾಡಿದ್ದವು. ಹಸಿಯಾಗಿ ಉಳಿದಿದ್ದ ಒಂದನ್ನು ಅವನು ಬಾಲದ ಮೇಲೆ ಹೆಬ್ಬೆರಳು ಊರಿ ಓರೆಯಾಗಿ ಕುಯ್ದ. ಮಗಳು ಹೆದರುತ್ತಲೇ ಹತ್ತಿರ ಬಂದು ಬಾಳೆನಾರು ಹಿಡಿದು ಕೊಟ್ಟಳು. ಕಟ್ಟಿ ಮುಗಿದ ಮೇಲೆ ಅವನು ಚಾಕುವನ್ನು ಮಡಚಿ, ಜೇಬಿಗೆ ನೀನೇ ಹಾಕು ಎಂದು ಅವಳ ಕೈಗೆ ಕೊಟ್ಟ. ಅವಳು ಹಾಕಿದಳು, ಕೈಯನ್ನು ಸ್ವಲ್ಪ ಹೊತ್ತು ಅಲ್ಲೇ ಇಟ್ಟುಕೊಂಡಳು.

ಗುರುಗಳು ಕತೆ ನಿಲ್ಲಿಸಿದರು. ಮರಿದೇವ ತಲೆ ತಗ್ಗಿಸಿ ಕೂತಿದ್ದ. ಅವನಿಗೆ ಆ ಕಡ್ಡಿಯದೇ ಚಿಂತೆಯಾಗಿತ್ತು. ಅದು ಚಿಗುರಿತೇ ಎಂದು ಮೆಲ್ಲಗೆ ಕೇಳಿದ.

ಚಿಗುರಿತು, ಹಸಿ ಆರುವ ಮುನ್ನ ಕಟ್ಟಿದರಲ್ಲ ಎಂದರು ಗುರುಗಳು.

ಹೊರಗೆ ಅಂಗಳದಲ್ಲಿ ಹೆಜ್ಜೆಯ ಸದ್ದಾಯಿತು. ಗುರುಪಾದ ಗಂಟನ್ನು ಹೆಗಲಿಗೇರಿಸಿಕೊಂಡು, ಯಾರನ್ನೂ ನೋಡದೆ, ಬಾಗಿಲಿನ ಕಡೆಗೆ ನಡೆಯುತ್ತಿದ್ದ. ಮರಿದೇವ ಅರ್ಧ ಎದ್ದ. ಅವನು ಗುರುಗಳ ಮುಖ ನೋಡಿದ. ಗುರುಗಳು ಅವನ ಬೆನ್ನಿನ ಮೇಲೆ ಕೈಯಿಟ್ಟು ಹೇಳಿದರು:

“ಮೌನವನ್ನು ನಾಳೆ ಹಿಡಿಯುವಿಯಂತೆ ಮಗು, ಇವತ್ತು ಆ ಬಾಯಿಗೆ ಇನ್ನೂ ಕೆಲಸವಿದೆ.”