ಬೆಳ್ಳಿಜಡೆಯಮ್ಮನಿಗೆ ಪ್ರದಕ್ಷಿಣೆ ಇಲ್ಲದ ಕಾರಣ

ನನ್ನ ದಿನಚರಿಯ ೧೯೬೧ನೆಯ ಇಸವಿ ಫೆಬ್ರವರಿ ಹತ್ತೊಂಬತ್ತರ ಪುಟದಲ್ಲಿ, ಸುಟ್ಟಬೆಟ್ಟದ ಪೂಜಾರಿ ಬೀರಜ್ಜ ಹೇಳಿದಂತೆ ಬರೆದಿಟ್ಟುಕೊಂಡ ಸ್ಥಳಮಹಿಮೆ ಇದು.

ಭೂಗರ್ಭದ ಅಗ್ನಿಯು ಉಕ್ಕಿ ಹರಿದು, ಆರಿ ಕರಿಗಲ್ಲೂ ಬೂದಿಯೂ ಆಗಿ ಎಷ್ಟೋ ಯುಗಗಳು ಕಳೆದ ಮೇಲೆ, ಹುಲ್ಲೂ ಹುಟ್ಟದ ಈ ಬೆಟ್ಟದ ನೆತ್ತಿಯಲ್ಲಿ ಜಗನ್ಮಾತೆಯು ಗಿಡದ ರೂಪ ತಾಳಿ ನೆಲೆಸಿದಳು. ಹಗಲಿನ ಉರಿಬಿಸಿಲನ್ನೂ ಬೆಳಗಿನ ಕೊರೆಯುವ ಚಳಿಯನ್ನೂ ತಡೆಯಲು ಎಲೆಯೆಲೆಗೂ ಬೆಳ್ಳಿಯ ನವಿರು ಹೊದ್ದ ಆ ಗಿಡವನ್ನು ಕುರಿ ಕಾಯುವವರು ಬೆಳ್ಳಿಜಡೆ ಎಂದರು. ಐವತ್ತು ವರ್ಷ ಮಂಜು ಕುಡಿದು ಬದುಕಿ, ಒಮ್ಮೆ ಮಾತ್ರ ಆಳೆತ್ತರಕ್ಕೆ ಹೂಬಿಟ್ಟು, ಬೀಜ ಚೆಲ್ಲಿ ಪ್ರಾಣ ಬಿಡುವುದು ಅದರ ಧರ್ಮ.

ಬೆಟ್ಟದ ಬುಡದ ಹಟ್ಟಿಯಲ್ಲಿ ಮಾಳವ್ವನೆಂಬ ಕುರುಬಗಿತ್ತಿ ಇದ್ದಳು. ಗಂಡ ತೀರಿಹೋಗಿದ್ದ, ಏಳು ವರ್ಷದ ಮಗಳು ನಿಂಗಿಯೇ ಅವಳ ಸರ್ವಸ್ವ. ಆ ಮಗು ಜ್ವರ ಬಿಡದೆ ದಿನದಿನಕ್ಕೆ ಸೊರಗತೊಡಗಿದಾಗ, ಬೆಳ್ಳಿಜಡೆಯ ಹೂವು ಅರೆದು ಕುಡಿಸಿದರೆ ಉಳಿದೀತೆಂದು ಹಟ್ಟಿಯ ಹಿರಿಯರು ಹೇಳಿದರು. ಮಾಳವ್ವ ಹತ್ತಿ ನೋಡಿದರೆ, ನೆತ್ತಿಯ ಗಿಡದ ನಡುವೆ ಮೊಗ್ಗಿನ ದಂಟು ಎದ್ದಿತ್ತು. ಅರಳಲು ಇನ್ನು ಹದಿನೈದು ದಿನ ಸಾಕಿತ್ತು.

ತಾಯಿಕರುಳಿಗೆ ಅಷ್ಟು ತಾಳ್ಮೆ ಎಲ್ಲಿಯದು? ತಡವಾದದ್ದು ಬೇಗ ಬರಲೆಂದು ದೇವರನ್ನು ಸುತ್ತುವುದು ಹಟ್ಟಿಯ ರೂಢಿ. ದಿನಕ್ಕೆ ನೂರೆಂಟು ಪ್ರದಕ್ಷಿಣೆಯ ಹರಕೆ ಹೊತ್ತು, ಮಗುವನ್ನು ಕಂಬಳಿಯಲ್ಲಿ ಬೆನ್ನಿಗೆ ಕಟ್ಟಿಕೊಂಡು, ಸೆರಗು ಎಲೆಗೆ ತಾಗುವಷ್ಟು ಹತ್ತಿರದಿಂದ ಅವಳು ಸುತ್ತಿದಳು. ಇಷ್ಟು ಸುತ್ತಿದರೆ ದೇವಿಗೇ ತಲೆ ತಿರುಗೀತು ಎಂದು ಹಟ್ಟಿಯ ಹೆಂಗಸರು ನಗಾಡಿದರು. ಬೆನ್ನ ಮೇಲಿನ ನಿಂಗಿಯೂ ನಕ್ಕು, ಅವ್ವ ಎಣಿಕೆ ತಪ್ಪಿದಾಗಲೆಲ್ಲ ತಾನೇ ಸರಿಪಡಿಸಿದಳು.

ಹನ್ನೊಂದನೆಯ ದಿನ ಮೊಗ್ಗು ಬಾಗಿತು. ಮರುದಿನ ಎಲೆಗಳ ಬೆಳ್ಳಿ ಕಂದಿತು. ಅದರ ಮರುದಿನ, ಎಪ್ಪತ್ತನೆಯ ಸುತ್ತಿನಲ್ಲಿ, ನಿಂಗಿಯ ಎಣಿಕೆ ನಿಂತುಹೋಯಿತು. ಮಾಳವ್ವ ಇಳಿಸಿ ನೋಡಿದಾಗ ಮಗು ತಣ್ಣಗಾಗಿತ್ತು.

ಒಣಗಿದ ಗಿಡದ ಮುಂದೆ ಬಿದ್ದು ತಾನೆಲ್ಲಿ ತಪ್ಪಿದೆನೆಂದು ಅವಳು ಗೋಳಿಟ್ಟಾಗ ಅಶರೀರವಾಣಿಯಾಯಿತು:

“ಮಗಳೇ, ನಿನ್ನ ಭಕ್ತಿಯಲ್ಲಿ ತಪ್ಪಿಲ್ಲ. ನನ್ನ ಬೇರು ಆಳಕ್ಕಿಳಿಯುವಂಥದ್ದಲ್ಲ. ಕೂದಲಿನಂತೆ ಮೇಲಿನ ಬೂದಿಯಲ್ಲೇ ಹರಡಿತ್ತು. ನೀನು ಅದರ ಮೇಲೆಯೇ ನಡೆದೆ. ಇನ್ನು ನನ್ನನ್ನು ಯಾರೂ ಸುತ್ತುವುದು ಬೇಡ.”

ಮಾಳವ್ವ ಮಗಳನ್ನು ನಲವತ್ತು ಹೆಜ್ಜೆ ಕೆಳಗೆ ಮಣ್ಣುಮಾಡಿ, ಯಾರೂ ಅಲ್ಲಿಂದ ಮುಂದೆ ಹತ್ತದಂತೆ ಮೇಲೊಂದು ತಡೆಗಲ್ಲು ನಿಲ್ಲಿಸಿದಳು. ಇಳಿಜಾರಿನಲ್ಲಿ ಉಳಿದಿದ್ದ ಮೂರು ಎಳೆಗಿಡಗಳ ಬಳಿ ಕುರಿಯೂ ಕಾಲಿಡದಂತೆ ಬದುಕಿರುವವರೆಗೆ ಕಾದಳು. ಇಂದಿಗೂ ಭಕ್ತರು ಆ ತಡೆಗಲ್ಲಿನಲ್ಲೇ ನಿಂತು ಕೈಮುಗಿಯುತ್ತಾರೆ. ಪೂಜಾರಿಯೂ ಅದನ್ನು ದಾಟುವುದಿಲ್ಲ. ಈಗ ಮೇಲಿರುವ ಗಿಡಗಳೆಲ್ಲ ಆ ಮೂರರ ಸಂತತಿ. ಅವು ಉಳಿಯುವುದಕ್ಕೆ ತೆತ್ತದ್ದು ಅರಳದ ಒಂದು ಗಿಡ, ಏಳು ವರ್ಷದ ಒಂದು ಹೆಣ್ಣುಮಗು.