ಬಾವಲಿಯ ಯೋಗ ತರಗತಿ

ಅತ್ತಿ ಮರದ ಬಾವಲಿಯೊಂದು ಹೊಸಬರಿಗೆಂದು ಯೋಗದ ತರಗತಿ ತೆರೆಯಿತು. ಕುತ್ತಿಗೆ ನೋವಿದ್ದ ಎಮ್ಮೆಯೊಂದು ಬಂದು ಸೇರಿಕೊಂಡಿತು. ಮೊದಲ ದಿನವೇ ಬಾವಲಿ ಅದಕ್ಕೆ ತಲೆ ಕೆಳಗೆ ಮಾಡಿ, ಹಿಂಗಾಲುಗಳನ್ನು ಮರಕ್ಕೆ ಒರಗಿಸಿ ನಿಲ್ಲಲು ಹೇಳಿತು. ಎಮ್ಮೆ ಹಾಗೇ ನಿಂತಿತು.

ಕೊಟ್ಟಿಗೆಗೆ ಹೋದ ಮೇಲೆ ಅದಕ್ಕೆ ತಲೆ ಸುತ್ತಿತು, ಹೊಟ್ಟೆ ತೊಳಸಿತು. ಮೆಲುಕು ಹಾಕಲು ಹೋದರೆ ಹುಲ್ಲು ಮೂಗಿಗೆ ಬಂತು. ಕರುವಿಗೆ ಹಾಲು ಇಳಿಯಲಿಲ್ಲ.

ಮರುದಿನ ಎಮ್ಮೆ, “ಗುರುಗಳೇ, ನನಗೆ ಹುಷಾರಿಲ್ಲ. ಕರು ಹಸಿದು ಅಳುತ್ತಿದೆ,” ಎಂದಿತು.

“ಮೊದಮೊದಲು ಹಾಗೆಯೇ. ಇಷ್ಟು ವರ್ಷ ತಲೆಯನ್ನು ತಪ್ಪು ದಿಕ್ಕಿಗೆ ಇಟ್ಟುಕೊಂಡಿದ್ದೆಯಲ್ಲ, ಆ ದೋಷ ಹೊರಬರುತ್ತಿದೆ. ನನ್ನನ್ನು ನೋಡು, ಹುಟ್ಟಿದಾಗಿನಿಂದ ಹೀಗೇ ಇದ್ದೇನೆ. ಒಂದು ದಿನವೂ ತಲೆ ಸುತ್ತಿಲ್ಲ,” ಎಂದಿತು ಬಾವಲಿ.

“ಹಾಗಾದರೆ ನೀವು ಒಮ್ಮೆ ನನ್ನ ಹಾಗೆ ತಲೆ ಮೇಲೆ ಮಾಡಿ ನಿಂತು ತೋರಿಸಿ. ತಪ್ಪು ಎಲ್ಲಿದೆಯೆಂದು ನೋಡಿ ತಿಳಿದುಕೊಳ್ಳುತ್ತೇನೆ,” ಎಂದು ಎಮ್ಮೆ ವಿನಯದಿಂದ ಕೇಳಿತು.

ಬಾವಲಿ ಇಳಿದು ಬಂದು ಎಮ್ಮೆಯ ಬೆನ್ನ ಮೇಲೆ ತಲೆಯೆತ್ತಿ ನಿಂತಿತು. ಅರೆಗಳಿಗೆಯಲ್ಲಿ ಅದಕ್ಕೆ ಕಣ್ಣು ಕತ್ತಲೆಗಟ್ಟಿತು. ತಿಂದ ಅತ್ತಿಹಣ್ಣನ್ನೆಲ್ಲ ಅಲ್ಲಿಯೇ ಕಾರಿಕೊಂಡಿತು.

“ಇದು ಯಾವ ದೋಷ, ಗುರುಗಳೇ?”

“ದೋಷವಲ್ಲ ತಾಯಿ, ಕಾಯಿಲೆ. ನೀನು ಹೋಗಿ ಮಲಗು. ನಾನೂ ಹೋಗಿ ನೇತಾಡುತ್ತೇನೆ.”

ಸಂಜೆಗೆ ಎಮ್ಮೆಯ ಕೆಚ್ಚಲಿಗೆ ಹಾಲು ಇಳಿಯಿತು. ಕುತ್ತಿಗೆ ನೋವು ಮಾತ್ರ ಹಾಗೆಯೇ ಉಳಿಯಿತು. ಬಾವಲಿಯೂ ತರಗತಿ ಮುಚ್ಚಲಿಲ್ಲ. ಆದರೆ ಹೊಸಬರು ಯಾರೇ ಬರಲಿ, “ನಿಮಗೆ ತಲೆ ಯಾವ ಕಡೆ ಇದ್ದರೆ ಸುಖ?” ಎಂದು ಮೊದಲು ಕೇಳತೊಡಗಿತು.