ಚುಕ್ಕಿಗಳನ್ನು ಮುಟ್ಟದ ಗೆರೆ

ಮಗ್ಗ ನಡೆಸುವ ದ್ಯಾಮವ್ವನಿಗೆ ಕಿಡ್ನಿಯ ಕಾಯಿಲೆ. ಡಾಕ್ಟರು ತಿಂಗಳಿಗೊಮ್ಮೆ ಅವಳ ರಕ್ತ ಪರೀಕ್ಷಿಸಿ ಹಾಳೆಯ ಮೇಲೆ ಒಂದು ಚುಕ್ಕಿ ಇಡುತ್ತಿದ್ದರು. ರೋಗ ಏರಿದಷ್ಟೂ ಚುಕ್ಕಿ ಮೇಲೆ. ಏಳು ಚುಕ್ಕಿಗಳಾದ ಮೇಲೆ ಅವುಗಳ ನಡುವೆ ಹಾದುಹೋಗುವಂತೆ ಒಂದು ಗೆರೆ ಎಳೆದು, ಇದೇ ಕಾಯಿಲೆಯ ಬೇರೆ ರೋಗಿಗಳ ಹಾಳೆಗಳನ್ನೂ ನೋಡಿ ಮುಂದಿನ ಯುಗಾದಿಯವರೆಗೂ ಚಾಚಿದರು. ಗೆರೆ ಏರುತ್ತಲೇ ಹೋಯಿತು.

ಏಳನೆಯ ಚುಕ್ಕಿ ಸಿಡುಕಿತು: "ನಾನು ಅವಳ ರಕ್ತದಿಂದಲೇ ಬಂದೆ. ಹೋದ ತಿಂಗಳಿನ ಚುಕ್ಕಿಗಿಂತ ಕೆಳಗಿದ್ದೇನೆ, ಅಂದರೆ ಅವಳು ಗುಣವಾಗುತ್ತಿದ್ದಾಳೆ. ನೀನೋ ನಮ್ಮಲ್ಲಿ ಒಬ್ಬರನ್ನೂ ಮುಟ್ಟಿಲ್ಲ. ನಮ್ಮ ಪರವಾಗಿ ಮಾತಾಡಲು ನೀನ್ಯಾರು?"

ಗೆರೆ ಹೇಳಿತು: "ಸುತ್ತು ರಂಗೋಲಿಯ ಎಳೆಯೂ ಚುಕ್ಕಿಯನ್ನು ಮುಟ್ಟದೆ ಸುತ್ತಿ ಹೋಗುತ್ತದೆ, ಆದರೂ ಹೂವು ಮೂಡುವುದು ಎಳೆಯಿಂದಲೇ. ನೀನು ಒಂದು ದಿನವನ್ನು ಬಲ್ಲೆ. ನಾನು ನಿಮ್ಮ ಏಳೂ ಮಂದಿಯನ್ನೂ, ಇದೇ ಕಾಯಿಲೆಯ ಇನ್ನೂರು ಜನರ ಚುಕ್ಕಿಗಳನ್ನೂ ಕೇಳಿ ಬಂದಿದ್ದೇನೆ. ಹೀಗೇ ಬಿಟ್ಟರೆ ಯುಗಾದಿಗೆ ಇವಳ ಕಿಡ್ನಿ ಕೈಕೊಡುತ್ತದೆ."

ಡಾಕ್ಟರು ಗೆರೆಯನ್ನು ನಂಬಿದರು. "ಇವತ್ತಿನಿಂದ ಔಷಧ ಬ್ಯಾರೆ, ದ್ಯಾಮವ್ವ. ಉಪ್ಪಿನಕಾಯಿ ಭರಣಿ ಸೊಸೀ ಕೈಗೆ ಕೊಟ್ಟುಬಿಡ್ರಿ" ಎಂದರು.

"ಬಾಯಿ ಸಪ್ಪಗಾದ್ರ ಆಗಲಿ ಬಿಡ್ರಿ, ನನ್ನ ಮಗ್ಗ ನಿಂದ್ರಬಾರ್ದು" ಎಂದಳು ದ್ಯಾಮವ್ವ.

ಯುಗಾದಿ ಬಂತು. ಆ ತಿಂಗಳ ಚುಕ್ಕಿ ಗೆರೆಗಿಂತ ಬಹಳ ಕೆಳಗೆ ಬಿತ್ತು. ಹಳೆಯ ಚುಕ್ಕಿಗಳೆಲ್ಲ ಕೇಕೆ ಹಾಕಿದವು: "ನೋಡಿದೆಯಾ, ನಿನ್ನ ಮಾತು ಸುಳ್ಳಾಯಿತು!"

ಗೆರೆ ಕೊಂಚವೂ ಬಾಗಲಿಲ್ಲ.

"ಸುಳ್ಳಾಗಲಿ ಎಂದೇ ಅಷ್ಟು ಮೊದಲೇ ಹೇಳಿದ್ದೆ" ಎಂದಿತು.